ಹಗುರ ಬಿಸಿಡಿಗೆ ಮೂರು ತೂಕ

ಮಂಗಳೂರಿನಿಂದ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಮಾತ್ರ ಸ್ಕೂಬಾ ಡೈವ್ ಮಾಡಿ ಬರುವವರಿಗೆ ಹಗುರ ಬಿಸಿಡಿಯ, ಅಂದರೆ ಡೈವರ್ ಬೆನ್ನಿಗೆ ತೊಡುವ ಗಾಳಿಚೀಲದ ಸಾಧನದ, ಅಗತ್ಯವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 150 ಕಿಲೋಮೀಟರ್ ಇರುವ ಈ ದಾರಿಯನ್ನು ನಮ್ಮಲ್ಲಿ ಹೆಚ್ಚಿನವರು ಸ್ವಂತ ಕಾರಿನಲ್ಲೇ ಕ್ರಮಿಸುತ್ತಾರೆ, ಡಿಕ್ಕಿಯಲ್ಲಿಟ್ಟ ಸಾಮಾನು ನಾಲ್ಕು ಕಿಲೋ ಹೆಚ್ಚಾಯಿತೆಂದು ಯಾರೂ ತಡೆದು ಕೇಳುವುದಿಲ್ಲ. ಬಜಪೆಯ ವಿಮಾನ ನಿಲ್ದಾಣದಿಂದ ಹೊರಟು, ಬೆಂಗಳೂರು ಅಥವಾ ಚೆನ್ನೈ ದಾಟಿ ಅಂಡಮಾನಿಗೋ ಮಾಲ್ದೀವ್ಸಿಗೋ ಹೋಗುವವರ ಮಾತು ಬೇರೆ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೋ ಲಗೇಜು ಮತ್ತು ಕೈಚೀಲಕ್ಕೆ 7 ಕಿಲೋ ಮಾತ್ರ ಸಲ್ಲುತ್ತದೆ. ಆ ಮಿತಿಯೊಳಗೆ ಡೈವಿಂಗ್ ಸಾಮಗ್ರಿಯನ್ನೂ ಒಂದು ವಾರದ ಬಟ್ಟೆಯನ್ನೂ ತುಂಬಲು ಹೊರಟಾಗ, ಎಲ್ಲಕ್ಕಿಂತ ಹೆಚ್ಚು ಜಾಗ ತಿನ್ನುವ ವಸ್ತು ಬಿಸಿಡಿಯೇ ಎಂಬುದು ಮೊದಲ ಪ್ರಯಾಣದಲ್ಲೇ ತಿಳಿಯುತ್ತದೆ. ಎರಡು ಸೀಸನ್‌ಗಳಲ್ಲಿ ಮೂರು ಬಗೆಯ ಬಿಸಿಡಿಗಳನ್ನು ಬಳಸಿ, ತೂಗಿ, ಒಗೆದು, ಒಣಗಿಸಿ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪರಿಚಯವಿಲ್ಲದವರಿಗಾಗಿ ಒಂದು ಮಾತು. ಬಿಸಿಡಿ ಎನ್ನುವುದು ಸಿಲಿಂಡರನ್ನು ಬೆನ್ನಿಗೆ ಕಟ್ಟಿ ಹಿಡಿಯುವ, ಒಳಗಿನ ಗಾಳಿಚೀಲವನ್ನು ಉಬ್ಬಿಸಿ ಇಳಿಸಿ ನಮ್ಮ ತೇಲುವಿಕೆಯನ್ನು ಹದದಲ್ಲಿಡುವ ಸಾಧನ. ನಮ್ಮ ಕರಾವಳಿಯ ಮೀನುಬಲೆಯನ್ನು ನೋಡಿದವರಿಗೆ ಇದರ ತತ್ತ್ವವನ್ನು ವಿವರಿಸಬೇಕಾಗಿಲ್ಲ: ಮೇಲಂಚಿಗೆ ಬೆಂಡು, ಕೆಳಂಚಿಗೆ ಸೀಸ, ಇವೆರಡರ ಎಳೆದಾಟದಲ್ಲಿ ಬಲೆ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಡೈವರ್ ಸೊಂಟಕ್ಕೆ ಸೀಸ ಕಟ್ಟಿಕೊಳ್ಳುತ್ತಾನೆ, ಬೆನ್ನ ಮೇಲೆ ಹಿಗ್ಗಿ ಕುಗ್ಗಬಲ್ಲ ಬೆಂಡನ್ನು ಹೊರುತ್ತಾನೆ. ಹಿಗ್ಗಿ ಕುಗ್ಗುವ ಗುಣ ಏಕೆ ಬೇಕೆಂದರೆ, ಹತ್ತು ಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಒತ್ತಡ ಎರಡು ಪಟ್ಟಾಗಿ, ಚೀಲದಲ್ಲಿದ್ದ ಗಾಳಿ ಅರ್ಧ ಗಾತ್ರಕ್ಕೆ ಇಳಿದಿರುತ್ತದೆ. ವೆಟ್‌ಸೂಟಿನ ನಿಯೋಪ್ರೀನ್, ಅಂದರೆ ಮೈ ಬೆಚ್ಚಗಿಡುವ ಆ ಉಡುಪಿನ ಗುಳ್ಳೆತುಂಬಿದ ರಬ್ಬರು, ಕೂಡ ಹಿಂಡಿಹೋಗಿ ಅದರ ತೇಲುವ ಬಲ ಕಡಿಮೆಯಾಗಿರುತ್ತದೆ.

ನನ್ನಲ್ಲಿದ್ದ ಮೂರರಲ್ಲಿ ಮೊದಲನೆಯದು ಕಲಿಯುವ ಕಾಲದಲ್ಲಿ ಹಳೆಯದಾಗಿ ಕೊಂಡ ಜಾಕೆಟ್ ಮಾದರಿ. ನೇತ್ರಾಣಿಯಲ್ಲಿ ಪ್ರವಾಸಿಗರಿಗೆ ತೊಡಿಸುವುದೂ ಇದೇ ಬಗೆಯದನ್ನು. ಗಾಳಿಚೀಲ ಬೆನ್ನಿನಿಂದ ಪಕ್ಕೆಗಳ ತನಕ ಸುತ್ತಿಕೊಂಡಿರುತ್ತದೆ, ಬೆನ್ನಿಗೆ ಗಟ್ಟಿ ಪ್ಲಾಸ್ಟಿಕ್ ಹಲಗೆ ಇರುತ್ತದೆ. ಎರಡನೆಯದು ಪ್ರಯಾಣಕ್ಕೆಂದೇ ತಯಾರಾದ ಟ್ರಾವೆಲ್ ಬಿಸಿಡಿ. ಗಟ್ಟಿ ಹಲಗೆಯ ಬದಲು ಮೆತ್ತನೆಯ ಬೆನ್ನು, ಹಿಂದುಗಡೆ ಮಾತ್ರ ಗಾಳಿಚೀಲ, ಮಡಚಿದರೆ ದಿಂಬಿನಷ್ಟೇ ಗಾತ್ರ. ಮೂರನೆಯದು ಅಲ್ಯೂಮಿನಿಯಂ ಬ್ಯಾಕ್‌ಪ್ಲೇಟ್ ಮತ್ತು ವಿಂಗ್. ಅಂದರೆ ಒಂದು ಲೋಹದ ತಗಡು, ಅದಕ್ಕೆ ಪೋಣಿಸಿದ ಒಂದೇ ಉದ್ದನೆಯ ಪಟ್ಟಿ, ತಗಡಿಗೂ ಸಿಲಿಂಡರಿಗೂ ನಡುವೆ ಸಿಕ್ಕಿಸಿದ ಗಾಳಿಚೀಲ. ನಾನು ದೂರುವ ವಸ್ತುಗಳ ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಆ ಮಾದರಿಗೆ ಸೇರಿದವು, ಕಂಪನಿಗಲ್ಲ.

ಕಂಪನಿಯವರು ಬರೆಯುವ ತೂಕವನ್ನು ನಂಬದೆ ಮೂರನ್ನೂ ಬಂದರಿನ ದಕ್ಕೆಗೆ ಒಯ್ದು, ಪರಿಚಯದ ಮೀನು ವ್ಯಾಪಾರಿಯೊಬ್ಬರ ವಿದ್ಯುತ್ ತಕ್ಕಡಿಯ ಮೇಲಿಟ್ಟೆ. ಜಾಕೆಟ್ 4.1 ಕಿಲೋ, ಟ್ರಾವೆಲ್ ಬಿಸಿಡಿ 2.4 ಕಿಲೋ, ಪ್ಲೇಟು ಮತ್ತು ವಿಂಗ್ ಸೇರಿ 3.1 ಕಿಲೋ ತೂಗಿದವು. ಟ್ರಾವೆಲ್ ಬಿಸಿಡಿ ಗೆದ್ದಿತೆಂದು ನಾನು ಬರೆದುಕೊಳ್ಳುತ್ತಿದ್ದಾಗ ಆ ವ್ಯಾಪಾರಿ, “ಇದು ಒಣಗಿದ ತೂಕ ಅಲ್ವಾ ಸಾರ್? ನೀರು ಕುಡಿದು ವಾಪಸ್ ಬರುವಾಗ ಎಷ್ಟು?” ಎಂದು ಕೇಳಿದರು. ಮಂಜುಗಡ್ಡೆಯ ನೀರು ಬಸಿಯದೆ ತೂಗಿದ ಮೀನಿನ ಲೆಕ್ಕ ಎಷ್ಟು ತಪ್ಪುತ್ತದೆ ಎಂಬುದನ್ನು ದಿನವೂ ಕಾಣುವವರು ಅವರು. ಈ ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ. ಬಿಸಿಡಿಗೆ ಒಂದಲ್ಲ, ಮೂರು ತೂಕಗಳಿವೆ ಎಂದು ನಾನು ಯೋಚಿಸತೊಡಗಿದ್ದು ಅಲ್ಲಿಂದ: ಹೊರಡುವಾಗಿನ ಒಣ ತೂಕ, ನೀರಿನಲ್ಲಿ ಅದನ್ನು ಮುಳುಗಿಸಲು ನಾವು ಕಟ್ಟಿಕೊಳ್ಳಬೇಕಾದ ಸೀಸದ ತೂಕ, ಮತ್ತು ಹಿಂತಿರುಗುವ ದಿನದ ಒದ್ದೆ ತೂಕ. ಕಂಪನಿಯ ಪಟ್ಟಿಯಲ್ಲಿ ಇರುವುದು ಮೊದಲನೆಯದು ಮಾತ್ರ.

ಒಣ ತೂಕವನ್ನು ಇಳಿಸುವುದು ಹೇಗೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಬೆನ್ನಿನ ಗಟ್ಟಿ ಹಲಗೆಯನ್ನು ತೆಗೆಯುತ್ತಾರೆ, ದಪ್ಪ ಬಟ್ಟೆಯ ಬದಲು ತೆಳು ನೈಲಾನ್ ಬಳಸುತ್ತಾರೆ, ಸಾಮಾನು ಸಿಕ್ಕಿಸುವ ಲೋಹದ ಡಿ-ರಿಂಗುಗಳ ಜಾಗದಲ್ಲಿ ಪ್ಲಾಸ್ಟಿಕ್ ಹಾಕುತ್ತಾರೆ, ಜೇಬುಗಳನ್ನು ಚಿಕ್ಕದಾಗಿಸುತ್ತಾರೆ. ಆಕ್ವಾ ಲಂಗ್ ಕಂಪನಿಯ ಜೂಮಾ ಸುಮಾರು ಎರಡು ಕಿಲೋಗೆ ಇಳಿದದ್ದು, ಕ್ರೆಸ್ಸಿಯ ಟ್ರಾವೆಲೈಟ್ ಮಡಚಿ ಪಟ್ಟಿ ಬಿಗಿದರೆ ಪುಟ್ಟ ಗಂಟಾಗುವುದು ಇಂಥ ಉಪಾಯಗಳಿಂದಲೇ. ನನ್ನ ಟ್ರಾವೆಲ್ ಬಿಸಿಡಿಯ ಜೇಬಿನಲ್ಲಿ ಒಂದು ಚಿಕ್ಕ ಟಾರ್ಚ್ ಹಿಡಿಯುತ್ತದೆ, ಅದರ ಜೊತೆಗೆ ಮೇಲ್ಮೈ ಗುರುತಿನ ಬಲೂನನ್ನು ತುರುಕಿದರೆ ಎರಡರಲ್ಲಿ ಯಾವುದೂ ಹೊರಗೆ ಬರುವುದಿಲ್ಲ. ಅದನ್ನು ಜೇಬೆಂದು ಕರೆಯುವುದು ದಾಕ್ಷಿಣ್ಯದ ಮಾತು.

ಎರಡನೆಯ ತೂಕವನ್ನು ಅಳೆಯಲು ಉಡುಪಿಯ ಹತ್ತಿರ ಹಿರಿಯಡ್ಕದಲ್ಲಿರುವ ನನ್ನ ಮಾವನ ತೋಟದ ಕೆರೆ ಸಾಕಾಯಿತು. ಬಿಸಿಡಿಯ ಗಾಳಿಚೀಲವನ್ನು ಪೂರ್ತಿ ಖಾಲಿ ಮಾಡಿ, ಬಟ್ಟೆಯ ಮಡಿಕೆಗಳಲ್ಲಿ ಸಿಕ್ಕಿಕೊಂಡ ಗುಳ್ಳೆಗಳೆಲ್ಲ ಹೊರಬರುವಂತೆ ನೀರಿನೊಳಗೆ ಹಿಂಡಿ, ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಒಂದೊಂದಾಗಿ ನೇತುಹಾಕುತ್ತ ಹೋದೆ. ಜಾಕೆಟ್ ಮುಳುಗಲು 1.6 ಕಿಲೋ ಸೀಸ ಬೇಕಾಯಿತು. ಟ್ರಾವೆಲ್ ಬಿಸಿಡಿಗೆ ಮುಕ್ಕಾಲು ಕಿಲೋ ಸಾಕಾಯಿತು. ಪ್ಲೇಟು ಮತ್ತು ವಿಂಗ್ ಸೀಸವೇ ಇಲ್ಲದೆ ನಿಧಾನವಾಗಿ ತಳ ಸೇರಿತು. ಮಾವನವರು ಅದು ಕಳೆದೇ ಹೋಯಿತೆಂದು ಗಾಬರಿಯಾದರು. ಇದರ ಅರ್ಥವಿಷ್ಟು: ಜಾಕೆಟ್ಟಿನ ಒಳಗಿರುವ ಸ್ಪಂಜಿನಂಥ ಮೆತ್ತೆಯೇ ತೇಲುತ್ತದೆ, ಆ ಮೆತ್ತೆಯನ್ನು ಮುಳುಗಿಸಲೆಂದೇ ನಾವು ಸೊಂಟಕ್ಕೆ ಹೆಚ್ಚಿನ ಸೀಸ ಕಟ್ಟಿಕೊಳ್ಳುತ್ತೇವೆ. ಸೀಸವನ್ನು ಎಲ್ಲ ಡೈವಿಂಗ್ ಕೇಂದ್ರಗಳೂ ಕೊಡುವುದರಿಂದ ಅದು ವಿಮಾನದ ಲಗೇಜಿಗೆ ಸೇರುವುದಿಲ್ಲ, ನಿಜ. ಆದರೆ ದೋಣಿಯ ಏಣಿಯನ್ನು ಹತ್ತುವಾಗ ಅದನ್ನು ಹೊರುವುದು ನಮ್ಮ ಮಂಡಿಗಳೇ.

ಮೂರು ಮಿಲಿಮೀಟರಿನ ವೆಟ್‌ಸೂಟ್ ತೊಟ್ಟು, ಅಲ್ಯೂಮಿನಿಯಂ ಸಿಲಿಂಡರ್ ಹೊತ್ತು, ಜಾಕೆಟ್ಟಿನಲ್ಲಿ ನನಗೆ 6 ಕಿಲೋ ಸೀಸ ಬೇಕಾಗುತ್ತಿತ್ತು. ಟ್ರಾವೆಲ್ ಬಿಸಿಡಿಯಲ್ಲಿ 5 ಕಿಲೋ, ಪ್ಲೇಟಿನಲ್ಲಿ 4 ಕಿಲೋ ಸಾಕು. ಕೆರೆಯ ಲೆಕ್ಕವನ್ನು ಕಡಲಿಗೆ ಹಾಗೆಯೇ ಒಯ್ಯಬಾರದೆಂಬ ಎಚ್ಚರವೂ ಇರಲಿ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಹೆಚ್ಚು ಸಾಂದ್ರ. ಖಾಲಿ ಬಿಸಿಡಿಯೊಂದರ ಮಟ್ಟಿಗೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ, ಆದರೆ ದೇಹ ಮತ್ತು ಸಾಮಗ್ರಿ ಸೇರಿ ನೂರು ಕಿಲೋ ಆಗುವ ಮನುಷ್ಯನಿಗೆ ಕಡಲಿನಲ್ಲಿ ಎರಡೂವರೆ ಕಿಲೋ ಹೆಚ್ಚಿನ ಸೀಸ ಬೇಕಾಗುತ್ತದೆ. ಈಜುಕೊಳದಲ್ಲಿ ಕಲಿತು ನೇರವಾಗಿ ಕಡಲಿಗೆ ಇಳಿದವರು ಮೊದಲ ದಿನ ಮುಳುಗಲಾರದೆ ಒದ್ದಾಡುವುದಕ್ಕೆ ಅರ್ಧ ಕಾರಣ ಇದು. ಉಳಿದರ್ಧ, ಹೆದರಿಕೆಯಿಂದ ಶ್ವಾಸಕೋಶದ ತುಂಬ ಗಾಳಿ ಹಿಡಿದುಕೊಂಡಿರುವುದು.

ಇನ್ನು ಮೂರನೆಯ ತೂಕ. ಡೈವ್ ಮಾಡಿದ ಕೂಡಲೇ ವಿಮಾನ ಹತ್ತಬಾರದೆಂಬುದು ಎಲ್ಲರಿಗೂ ಕಲಿಸುವ ಪಾಠ. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ದಿನ ಅಥವಾ ದಿನಕ್ಕೆ ಹಲವು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡುವು ಕೊಡಬೇಕೆಂದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಶಿಫಾರಸು. ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗಲೆಂದು ಇಟ್ಟ ಈ ಅವಧಿಯೇ ನಮ್ಮ ಬಿಸಿಡಿ ಒಣಗಲು ಸಿಗುವ ಅವಧಿಯೂ ಹೌದು. ಅಂಡಮಾನಿನ ಹ್ಯಾವ್ಲಾಕ್‌ನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಮಧ್ಯಾಹ್ನದ ಹೊತ್ತಿಗೆ ಕೊನೆಯ ಡೈವ್ ಮುಗಿಸಿ, ತೊಳೆದು, ಕೋಣೆಯ ಜಗಲಿಯಲ್ಲಿ ರಾತ್ರಿಯಿಡೀ ನೇತುಹಾಕಿ, ಮರುದಿನ ಬೆಳಿಗ್ಗೆ ದೋಣಿ ಹತ್ತುವ ಮೊದಲು ಕೈತಕ್ಕಡಿಯಲ್ಲಿ ತೂಗಿದಾಗ ಸಿಕ್ಕ ಲೆಕ್ಕ ಹೀಗಿತ್ತು: ಟ್ರಾವೆಲ್ ಬಿಸಿಡಿ 3.2 ಕಿಲೋ. ಮುಂದಿನ ವರ್ಷ ಅದೇ ಬಗೆಯ ಹವೆಯಲ್ಲಿ ಪ್ಲೇಟು ಮತ್ತು ವಿಂಗ್ 3.4 ಕಿಲೋ. ಜಾಕೆಟ್ಟನ್ನು ವಿಮಾನದಲ್ಲಿ ಒಯ್ದದ್ದು ಒಮ್ಮೆ ಮಾತ್ರ. ಆಗ ಅದು 5.4 ಕಿಲೋ ಆಗಿತ್ತು, ಅದರೊಂದಿಗೆ ಬಂದ ವಾಸನೆಯನ್ನು ತಕ್ಕಡಿ ತೂಗಲಿಲ್ಲ.

ಒಣ ತೂಕದಲ್ಲಿ ಟ್ರಾವೆಲ್ ಬಿಸಿಡಿಗೂ ಪ್ಲೇಟಿಗೂ 700 ಗ್ರಾಂ ಅಂತರವಿತ್ತು. ಹಿಂತಿರುಗುವ ದಿನ ಆ ಅಂತರ 200 ಗ್ರಾಮಿಗೆ ಇಳಿಯಿತು. ಮೆತ್ತೆ, ಜಾಲರಿ ಬಟ್ಟೆ, ಅಗಲವಾದ ಸೊಂಟಪಟ್ಟಿ ಇವೆಲ್ಲ ನೀರು ಹೀರುವ ವಸ್ತುಗಳು. ಲೋಹದ ತಗಡನ್ನು ಒರೆಸಿದರೆ ಮುಗಿಯಿತು. ಸ್ಕೂಬಾಪ್ರೊ ಕಂಪನಿಯ ಹೈಡ್ರೋಸ್ ಪ್ರೊ ಮಾದರಿಯಲ್ಲಿ ಬಟ್ಟೆಯ ಬದಲು ನೀರು ಹೀರದ ಮೊನ್‌ಪ್ರೀನ್ ಎಂಬ ಅಚ್ಚುಹಾಕಿದ ಮೆತುವಸ್ತುವನ್ನು ಬೆನ್ನಿಗೂ ಭುಜಕ್ಕೂ ಬಳಸಿರುವುದರ ಹಿಂದೆ ಇದೇ ತರ್ಕವಿದೆ. ಒಣ ತೂಕದಲ್ಲಿ ಅದು ಎಲ್ಲಕ್ಕಿಂತ ಹಗುರವಾದದ್ದೇನಲ್ಲ, ಆದರೆ ಬೇಗ ಒಣಗುತ್ತದೆ. ಅಂಗಡಿಯಲ್ಲಿ ಕೇವಲ ಅಂಕಿ ನೋಡಿ ಕೊಳ್ಳುವವರು ಅದನ್ನು ಬದಿಗೆ ಸರಿಸಿಬಿಡುವ ಸಾಧ್ಯತೆ ಹೆಚ್ಚು.

ತೇಲಿಸುವ ಬಲದ ವಿಷಯದಲ್ಲಿ ನಮ್ಮವರಿಗೆ ಅನಗತ್ಯ ಭಯವಿದೆ. ಟ್ರಾವೆಲ್ ಬಿಸಿಡಿಗಳ ಗಾಳಿಚೀಲ ಚಿಕ್ಕದು, ನನ್ನದು 130 ನ್ಯೂಟನ್, ಅಂದರೆ ಸುಮಾರು 13 ಕಿಲೋ ಎತ್ತಬಲ್ಲದು. ಜಾಕೆಟ್ 18 ಕಿಲೋ ಎತ್ತುತ್ತಿತ್ತು. ಈ ಇಳಿಕೆಯನ್ನು ಕಂಡು ಸ್ನೇಹಿತರೊಬ್ಬರು ಇದು ಮಕ್ಕಳದೇ ಎಂದು ಕೇಳಿದ್ದರು. ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿಯೇ ಎರಡೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಡೈವಿನ ಕೊನೆಗೆ ಸಿಲಿಂಡರ್ ಬಹುಮಟ್ಟಿಗೆ ಖಾಲಿಯಾದಾಗಲೂ ಐದು ಮೀಟರಿನಲ್ಲಿ ಸ್ಥಿರವಾಗಿ ನಿಲ್ಲಬೇಕಾದರೆ, ಆರಂಭದಲ್ಲಿ ಅಷ್ಟೇ ಭಾರ ಹೆಚ್ಚಾಗಿರಲೇಬೇಕು. ಅದಕ್ಕೆ ಆಳದಲ್ಲಿ ವೆಟ್‌ಸೂಟ್ ಕಳೆದುಕೊಳ್ಳುವ ಒಂದೂವರೆ ಕಿಲೋ ಸೇರಿಸಿ. ಒಟ್ಟು ನಾಲ್ಕು ಕಿಲೋ ಆಯಿತು. ಮೇಲ್ಮೈಯಲ್ಲಿ ತಲೆಯನ್ನು ನೀರಿನಿಂದ ಹೊರಗಿಡಲು ಇನ್ನೂ ನಾಲ್ಕೈದು ಕಿಲೋ ಬೇಕು. ಒಂಬತ್ತು ಕಿಲೋ ದಾಟಲಿಲ್ಲ. 28 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ತೆಳು ಸೂಟು ಧರಿಸಿ ಒಂದೇ ಸಿಲಿಂಡರ್ ಹೊರುವವರಿಗೆ 13 ಕಿಲೋ ಧಾರಾಳವಾಗಿ ಸಾಕು. ಚಳಿದೇಶದ ದಪ್ಪ ಸೂಟಿಗೆ ಬೇಕಾದ ದೊಡ್ಡ ಚೀಲವನ್ನು ಅರಬ್ಬೀ ಸಮುದ್ರದಲ್ಲಿ ಹೊತ್ತು ತಿರುಗಿದರೆ, ಅದರ ಮಡಿಕೆಗಳಲ್ಲಿ ಗಾಳಿ ಸಿಕ್ಕಿಕೊಂಡು ಏರುವಾಗ ಹತೋಟಿ ತಪ್ಪುವ ಅಪಾಯವೇ ಹೆಚ್ಚು. ಒಂದು ಎಚ್ಚರಿಕೆ ಮಾತ್ರ ಎಲ್ಲ ಮಾದರಿಗಳಿಗೂ ಸಮಾನ: ಬಿಸಿಡಿ ಜೀವರಕ್ಷಕ ಜಾಕೆಟ್ ಅಲ್ಲ. ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲ್ಮುಖವಾಗಿ ಹಿಡಿಯುತ್ತದೆಂದು ನಂಬಬಾರದು.

ನೀರಿನೊಳಗೆ ಟ್ರಾವೆಲ್ ಬಿಸಿಡಿ ನನಗೆ ಬಹಳ ಹಿಡಿಸಿತು. ಗಾಳಿಯೆಲ್ಲ ಬೆನ್ನಿನ ಮೇಲಿರುವುದರಿಂದ ದೇಹ ತಾನಾಗಿಯೇ ಅಡ್ಡಲಾಗಿ ಮಲಗುತ್ತದೆ, ಎದೆ ಮತ್ತು ಹೊಟ್ಟೆಯ ಮೇಲೆ ಒತ್ತಡವಿಲ್ಲ, ಉಸಿರು ಸಲೀಸು. ಜಾಕೆಟ್ಟನ್ನು ತುಂಬಿದರೆ ಮದುವೆ ಮನೆಯಲ್ಲಿ ಊಟ ಹೆಚ್ಚಾದವರಂತೆ ಪಕ್ಕೆಗಳು ಬಿಗಿಯುತ್ತಿದ್ದವು. ಆ ಕಾಟ ಇಲ್ಲಿ ಇಲ್ಲ. ಮೇಲ್ಮೈಗೆ ಬಂದು ಪೂರ್ತಿ ಉಬ್ಬಿಸಿದಾಗ ಮಾತ್ರ ಅದು ನಮ್ಮನ್ನು ಮುಂದಕ್ಕೆ, ಮುಖದ ಕಡೆಗೆ ತಳ್ಳುತ್ತದೆ. ಬೇಕಾದಷ್ಟೇ ಗಾಳಿ ತುಂಬಿ ಸ್ವಲ್ಪ ಹಿಂದಕ್ಕೆ ಒರಗಿದರೆ ಈ ತೊಂದರೆ ಇರುವುದಿಲ್ಲ, ಆದರೆ ಹೊಸಬರಿಗೆ ಇದು ಮೊದಮೊದಲು ಗಾಬರಿ ಹುಟ್ಟಿಸುವಂಥದ್ದು.

ಅದರ ನಿಜವಾದ ದೋಷ ಬೇರೆಯೇ ಇದೆ. ಗಟ್ಟಿ ಬೆನ್ನು ಇಲ್ಲದ ಕಾರಣ, ಒಂದೇ ಪಟ್ಟಿಯಲ್ಲಿ ಕಟ್ಟಿದ ಸಿಲಿಂಡರ್ ಅತ್ತಿತ್ತ ಹೊರಳುತ್ತದೆ. ಪಕ್ಕಕ್ಕೆ ತಿರುಗಿದಾಗಲೆಲ್ಲ ಅರ್ಧ ಕ್ಷಣ ತಡವಾಗಿ ಅದೂ ತಿರುಗಿ ಬೆನ್ನಿಗೆ ಗುದ್ದುತ್ತದೆ. ದೋಣಿಯಿಂದ ನೀರಿಗೆ ಹಾರಿದಾಗ ಪಟ್ಟಿ ಸಡಿಲವಾಗಿ ಸಿಲಿಂಡರ್ ಒಂದು ಗೇಣು ಕೆಳಗೆ ಜಾರಿದ್ದೂ ಉಂಟು. ನೈಲಾನ್ ಪಟ್ಟಿ ಒದ್ದೆಯಾದಾಗ ಸ್ವಲ್ಪ ಹಿಗ್ಗುತ್ತದೆ, ಆದ್ದರಿಂದ ಒಣ ಪಟ್ಟಿಯನ್ನು ಎಷ್ಟೇ ಬಿಗಿದರೂ ನೀರಿನಲ್ಲಿ ಸಡಿಲವಾಗುತ್ತದೆ. ಪಟ್ಟಿಯನ್ನು ಮೊದಲು ಬಕೆಟ್ ನೀರಿನಲ್ಲಿ ಚೆನ್ನಾಗಿ ನೆನೆಸಿ ಅನಂತರ ಬಿಗಿಯಬೇಕು. ಬಿಗಿದ ಮೇಲೆ ಬಿಸಿಡಿಯ ಹಿಡಿಯನ್ನು ಹಿಡಿದು ಸಿಲಿಂಡರನ್ನು ಮೇಲಕ್ಕೆತ್ತಿ ಒಮ್ಮೆ ಕುಲುಕಿ ನೋಡಬೇಕು. ಇದನ್ನು ನನಗೆ ಕಲಿಸಿದವರು ಮುರ್ಡೇಶ್ವರದ ದೋಣಿಯಲ್ಲಿ ಸಿಲಿಂಡರ್ ಹೊರುವ ಹುಡುಗರು, ತರಬೇತಿ ಕೊಟ್ಟವರಲ್ಲ.

ಪ್ಲೇಟಿನಲ್ಲಿ ಇಂಥ ಹೊರಳಾಟ ಇಲ್ಲವೇ ಇಲ್ಲ. ಸಿಲಿಂಡರ್ ಬೆನ್ನಿಗೆ ಎರಕ ಹೊಯ್ದಂತೆ ನಿಲ್ಲುತ್ತದೆ. ಒಂದೇ ಉದ್ದ ಪಟ್ಟಿಯನ್ನು ಒಮ್ಮೆ ನಮ್ಮ ಮೈಗೆ ಸರಿಯಾಗಿ ಅಳೆದು ಹೊಂದಿಸಿದರೆ, ಆಮೇಲೆ ಯಾವ ಬಕಲನ್ನೂ ಮುಟ್ಟಬೇಕಾಗಿಲ್ಲ. ಮುರಿಯುವ ಪ್ಲಾಸ್ಟಿಕ್ ಭಾಗಗಳೂ ಹೆಚ್ಚಿಲ್ಲ. ನನ್ನ ಟ್ರಾವೆಲ್ ಬಿಸಿಡಿಯ ಸೀಸದ ಜೇಬಿನ ಕೊಂಡಿಯೊಂದು ಎಂಟನೆಯ ಡೈವಿನಲ್ಲೇ ಮುರಿದು, ಉಳಿದ ಪ್ರವಾಸದಲ್ಲಿ ಸೊಂಟಕ್ಕೆ ಬೇರೆ ಬೆಲ್ಟ್ ಕಟ್ಟಿಕೊಳ್ಳಬೇಕಾಯಿತು. ಮಾರಿದವರು ಹೊಸ ಕೊಂಡಿಯನ್ನು ತರಿಸಿಕೊಡಲು ನಾಲ್ಕು ತಿಂಗಳು ತೆಗೆದುಕೊಂಡರು. ಪ್ಲೇಟಿನಲ್ಲಿ ಏನಾದರೂ ಹರಿದರೆ ಹೋಗುವುದು ಒಂದು ಗಜ ಪಟ್ಟಿ, ಅಷ್ಟೇ.

ಆದರೆ ಪ್ಲೇಟನ್ನು ಕಳಚುವುದು ಕಷ್ಟ, ಮತ್ತು ನಮ್ಮ ಕಡಲಿನಲ್ಲಿ ಇದು ಸಣ್ಣ ಮಾತಲ್ಲ. ನೇತ್ರಾಣಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದರೆ ದೋಣಿ ಒಂದೇ ಸಮನೆ ಹೊಯ್ದಾಡುತ್ತದೆ, ಏಣಿ ಒಮ್ಮೆ ತಲೆಯ ಮೇಲಿದ್ದರೆ ಮರುಕ್ಷಣ ಎದೆಗೆ ಬಡಿಯುತ್ತದೆ. ಅಂಥ ಹೊತ್ತಿನಲ್ಲಿ ಬಿಸಿಡಿಯನ್ನು ನೀರಿನಲ್ಲೇ ಕಳಚಿ ಮೇಲಕ್ಕೆ ಕೊಟ್ಟು, ಬರಿಮೈಯಲ್ಲಿ ಏಣಿ ಹತ್ತುವುದೇ ಸುರಕ್ಷಿತ. ಜಾಕೆಟ್ಟಿಗೂ ಟ್ರಾವೆಲ್ ಬಿಸಿಡಿಗೂ ಭುಜದಲ್ಲಿ ಒತ್ತಿದರೆ ಬಿಚ್ಚುವ ಬಕಲ್ ಇರುತ್ತದೆ. ಪ್ಲೇಟಿನ ಒಂದೇ ಪಟ್ಟಿಯಿಂದ ತೋಳನ್ನು ಮಡಚಿ ಎಳೆದುಕೊಳ್ಳಬೇಕು. ಕಳೆದ ಜನವರಿಯಲ್ಲಿ ನಾನು ಹೀಗೆ ಒದ್ದಾಡುತ್ತಿರುವುದನ್ನು ಮೇಲಿನಿಂದ ನೋಡುತ್ತಿದ್ದ ದೋಣಿ ನಡೆಸುವ ವಯಸ್ಸಾದ ತಂಡೇಲರು, “ಎಂತ ಮಾರಾಯ್ರೆ, ಅದಕ್ಕೆ ಗುಂಡಿ ಇಲ್ವಾ?” ಎಂದು ಕೇಳಿದ್ದರು. ಭುಜದ ನೋವು ಇರುವವರು ಪ್ಲೇಟು ಕೊಳ್ಳುವುದಾದರೆ, ಒಂದು ಬದಿಗಾದರೂ ಬಕಲ್ ಹಾಕಿಸಿಕೊಳ್ಳುವುದು ಒಳ್ಳೆಯದು. ಶುದ್ಧಾಚಾರದ ಪ್ಲೇಟು ಪ್ರಿಯರು ಇದನ್ನು ಒಪ್ಪುವುದಿಲ್ಲ, ಅವರ ಭುಜಗಳು ಅವರಿಗೆ ಸೇರಿದ್ದು.

ಪ್ಲೇಟು ಉಕ್ಕಿನದ್ದೇ, ಅಲ್ಯೂಮಿನಿಯಮ್ಮಿನದ್ದೇ ಎಂಬ ಪ್ರಶ್ನೆ ಬೇಗ ಮುಗಿಯುತ್ತದೆ. ಉಕ್ಕಿನ ಪ್ಲೇಟು ಎರಡೂವರೆ ಕಿಲೋದಷ್ಟು ಇರುತ್ತದೆ, ಅಲ್ಯೂಮಿನಿಯಂ ಒಂದು ಕಿಲೋಗಿಂತ ಕಡಿಮೆ. ಊರಿನಲ್ಲೇ ಮುಳುಗುವವರಿಗೆ ಉಕ್ಕು ಸೀಸದ ಕೆಲಸವನ್ನೂ ಮಾಡುವುದರಿಂದ ಲಾಭ. ವಿಮಾನದಲ್ಲಿ ಹೋಗುವವರಿಗೆ ಅದು ದುಡ್ಡು ಕೊಟ್ಟು ಸೀಸ ಹೊತ್ತಂತೆ.

ಕೊಳ್ಳುವ ವಿಷಯದಲ್ಲಿ ಮಂಗಳೂರಿನವರ ಕಷ್ಟ ಬೇರೆಯದು. ತೊಟ್ಟು ನೋಡಿ ಕೊಳ್ಳಬಹುದಾದ ಅಂಗಡಿ ನನಗೆ ಇಲ್ಲಿ ಸಿಗಲಿಲ್ಲ. ನಮ್ಮವರ ಸುಲಭದ ದಾರಿಯಾದ ಕೊಲ್ಲಿ ದೇಶದ ನೆಂಟರನ್ನು ನಾನೂ ಹಿಡಿದೆ. ಟ್ರಾವೆಲ್ ಬಿಸಿಡಿಯನ್ನು ತಂದದ್ದು ದುಬೈಯಲ್ಲಿರುವ ಅಕ್ಕ. ಆಕೆ ನನ್ನ ಅಂಗಿಯ ಅಳತೆ ನೆನಪಿಟ್ಟುಕೊಂಡು ‘ಲಾರ್ಜ್’ ತಂದಿದ್ದಳು. ಬಿಸಿಡಿಯ ಅಳತೆ ಅಂಗಿಯ ಅಳತೆಯಲ್ಲ. ನೋಡಬೇಕಾದದ್ದು ಭುಜದಿಂದ ಸೊಂಟದ ಎಲುಬಿನ ತನಕದ ಉದ್ದ ಮತ್ತು ವೆಟ್‌ಸೂಟ್ ತೊಟ್ಟ ಮೇಲಿನ ಸೊಂಟದ ಸುತ್ತಳತೆ. ಪಟ್ಟಿಗಳನ್ನೆಲ್ಲ ಕೊನೆಯ ತನಕ ಎಳೆದರೂ ಅದು ನನ್ನ ಮೈಮೇಲೆ ಎರವಲು ಅಂಗಿಯಂತೆ ತೂಗಾಡುತ್ತಿತ್ತು, ಸಿಲಿಂಡರಿನ ಹೊರಳಾಟಕ್ಕೆ ಇದೂ ಒಂದು ಕಾರಣವಾಗಿರಬಹುದು. ಹೀಗೆ ತರಿಸಿದ ವಸ್ತುವಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು, ನಾನು ವಿಚಾರಿಸಿರಲಿಲ್ಲ. ಪ್ಲೇಟಿನಲ್ಲಿ ಅಳತೆಯ ಗೊಂದಲ ಬಹುಮಟ್ಟಿಗೆ ಇಲ್ಲ. ಪಟ್ಟಿಯನ್ನು ಕತ್ತರಿಸಿ ಹೊಂದಿಸಿದರೆ ನನಗೂ ಆಯಿತು, ನನಗಿಂತ ಗಿಡ್ಡವಾದ ತಂಗಿಗೂ ಆಯಿತು.

ನಮ್ಮ ಮಳೆಗಾಲ ಬಿಸಿಡಿಯ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್ ತನಕ ನೇತ್ರಾಣಿಯ ಡೈವಿಂಗ್ ನಿಂತಿರುತ್ತದೆ, ಸಾಮಗ್ರಿಯೆಲ್ಲ ಕಪಾಟಿನಲ್ಲಿ ಕೂರುತ್ತದೆ, ಆಟಿ ತಿಂಗಳು ಕಳೆಯುವಷ್ಟರಲ್ಲಿ ಚರ್ಮದ ಚಪ್ಪಲಿಗೆ ಹಿಡಿಯುವ ಬೂಸು ಅದಕ್ಕೂ ಹಿಡಿದಿರುತ್ತದೆ. ಮೊದಲ ವರ್ಷ ನಾನು ಟ್ರಾವೆಲ್ ಬಿಸಿಡಿಯನ್ನು ಮಡಚಿ ಅದರದೇ ಚೀಲದಲ್ಲಿ ತುಂಬಿಟ್ಟೆ, ಮಡಚಲೆಂದೇ ತಯಾರಾದದ್ದಲ್ಲವೇ ಎಂಬ ಧೈರ್ಯದಿಂದ. ಅಕ್ಟೋಬರಿನಲ್ಲಿ ತೆರೆದಾಗ ಮೆತ್ತೆಯ ಮೇಲೆಲ್ಲ ಬೂದುಬಣ್ಣದ ಚುಕ್ಕೆಗಳಿದ್ದವು, ಗಾಳಿಚೀಲದ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮಡಚುವುದು ಪ್ರಯಾಣಕ್ಕೆ ಮಾತ್ರ. ಮನೆಯಲ್ಲಿ ಅದನ್ನು ಅರ್ಧ ಉಬ್ಬಿಸಿ, ಅಗಲ ಭುಜದ ಹ್ಯಾಂಗರಿಗೆ ಹಾಕಿ, ಗಾಳಿಯಾಡುವ ಕೋಣೆಯಲ್ಲಿ ನೇತುಹಾಕಬೇಕು.

ತೊಳೆಯುವಾಗ ಹೊರಗಿನಷ್ಟೇ ಒಳಗೂ ತೊಳೆಯಬೇಕೆಂಬುದನ್ನು ಹಲವರು ಮರೆಯುತ್ತಾರೆ. ಗಾಳಿ ಬಿಡುವ ಕವಾಟದಿಂದ ಪ್ರತಿ ಡೈವಿನಲ್ಲೂ ಒಂದಿಷ್ಟು ಉಪ್ಪುನೀರು ಒಳಸೇರುತ್ತದೆ, ಒಣಗಿದಾಗ ಹರಳುಗಟ್ಟುತ್ತದೆ. ಬಾಯಿಯಿಂದ ಊದುವ ಕೊಳವೆಯ ಮೂಲಕ ಒಂದೆರಡು ಲೀಟರ್ ಸಿಹಿನೀರು ಸುರಿದು, ಉಬ್ಬಿಸಿ, ಮಗುಚಿ ಕುಲುಕಿ, ಬೆನ್ನ ಕೆಳಗಿನ ಕವಾಟದಿಂದ ಹೊರಬಿಟ್ಟರೆ ಸಾಕು. ಬಾವಿಯ ನೀರು ಕೆಂಪು ಮಿಶ್ರಿತವಾಗಿದ್ದರೆ ನಳ್ಳಿಯ ನೀರೇ ಲೇಸು. ನಾನು ಇದರಲ್ಲಿ ಸೋಮಾರಿತನ ಮಾಡಿದ್ದಕ್ಕೆ ಬೆಲೆ ತೆತ್ತಿದ್ದೇನೆ: ಎರಡನೆಯ ಸೀಸನ್‌ನಲ್ಲಿ 12 ಮೀಟರ್ ಆಳದಲ್ಲಿದ್ದಾಗ ಗಾಳಿ ತುಂಬುವ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡಿತು, ಬಿಸಿಡಿ ತಾನಾಗಿ ಉಬ್ಬತೊಡಗಿತು. ಕೊಳವೆಯ ಕೊಂಡಿಯನ್ನು ಕಳಚಿ, ಇನ್ನೊಂದು ಕೈಯಿಂದ ಹಿಂದಿನ ಕವಾಟದ ದಾರ ಎಳೆದು ಗಾಳಿ ಹೊರಬಿಟ್ಟದ್ದರಿಂದ ಮೇಲಕ್ಕೆ ಚಿಮ್ಮುವುದು ತಪ್ಪಿತು. ಬಿಚ್ಚಿ ನೋಡಿದಾಗ ಗುಂಡಿಯ ಸುತ್ತ ಉಪ್ಪೂ ಮರಳೂ ಗಟ್ಟಿಯಾಗಿದ್ದವು. ತಪ್ಪು ಪೂರ್ತಿ ನನ್ನದೇ. ಹೊಸ ಬಿಸಿಡಿ ಕೊಂಡವರು ಈ ಕೊಂಡಿಯನ್ನು ಕಣ್ಣುಮುಚ್ಚಿ ಕಳಚುವುದನ್ನು ದಡದಲ್ಲೇ ಹತ್ತು ಬಾರಿ ಅಭ್ಯಾಸ ಮಾಡಿಕೊಳ್ಳಬೇಕು. ಕೆಲವು ಹಗುರ ಮಾದರಿಗಳಲ್ಲಿ ಈ ಕೊಂಡಿಯೂ ಚಿಕ್ಕದಾಗಿರುವುದರಿಂದ ಕೈಗವಸು ಹಾಕಿದ ಬೆರಳಿಗೆ ಸಿಗುವುದಿಲ್ಲ.

ಇನ್ನು ಹಣದ ಮಾತು. ಟ್ರಾವೆಲ್ ಬಿಸಿಡಿಗೆ ನನಗೆ 38,000 ರೂಪಾಯಿ ಬಿತ್ತು, ಪ್ಲೇಟು ಮತ್ತು ವಿಂಗ್ ಸೇರಿ 46,000 ರೂಪಾಯಿ. ಇಷ್ಟು ಹಣವನ್ನು ಲಗೇಜಿನ ಶುಲ್ಕ ಉಳಿಸಲೆಂದು ಖರ್ಚು ಮಾಡುವುದು ಮೂರ್ಖತನ. ನನ್ನ ಲಗೇಜಿನ ಲೆಕ್ಕ ಹೇಳುತ್ತೇನೆ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ 2.8 ಕಿಲೋ, ಕಾಲಿನ ಫಿನ್ನು ಮತ್ತು ಬೂಟು 3 ಕಿಲೋ, ವೆಟ್‌ಸೂಟ್ 1.6 ಕಿಲೋ, ಮಾಸ್ಕು, ಆಳ ಮತ್ತು ಸಮಯ ತೋರಿಸುವ ಡೈವ್ ಕಂಪ್ಯೂಟರ್, ಟಾರ್ಚು ಸೇರಿ 1.2 ಕಿಲೋ, ಬಿಸಿಡಿ ಹೊರತಾಗಿ 8.6 ಕಿಲೋ. ಇದಕ್ಕೆ ಜಾಕೆಟ್ಟಿನ 4.1 ಮತ್ತು ಚಕ್ರದ ಸೂಟ್‌ಕೇಸಿನ 3.8 ಸೇರಿದರೆ 16.5 ಕಿಲೋ, ಅಂದರೆ ಒಂದು ಲುಂಗಿ ಇಡುವ ಮೊದಲೇ ಮಿತಿ ದಾಟಿತು. ಸೂಟ್‌ಕೇಸಿನ ಬದಲು 1.1 ಕಿಲೋ ತೂಗುವ ಬಟ್ಟೆಯ ಡಫಲ್ ಚೀಲ ಬಳಸಿದಾಗ ಉಳಿದದ್ದು 2.7 ಕಿಲೋ. ಆ ಚೀಲದ ಬೆಲೆ ಬಿಸಿಡಿಯ ಬೆಲೆಯ ಹತ್ತರಲ್ಲಿ ಒಂದು ಪಾಲೂ ಅಲ್ಲ, ಉಳಿಸಿದ ತೂಕ ಮಾತ್ರ ಬಿಸಿಡಿ ಉಳಿಸಿದ್ದಕ್ಕಿಂತ ಒಂದು ಕಿಲೋ ಹೆಚ್ಚು. ರೆಗ್ಯುಲೇಟರನ್ನು ಕೈಚೀಲಕ್ಕೆ ಹಾಕಿದರೆ ಇನ್ನಷ್ಟು ಇಳಿಯುತ್ತದೆ. ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿಗಳನ್ನಂತೂ ಕೈಚೀಲದಲ್ಲೇ ಒಯ್ಯಬೇಕು ಎಂಬುದು ನಿಯಮ.

ಆದ್ದರಿಂದ ವರ್ಷಕ್ಕೆ ಹತ್ತು ಹನ್ನೆರಡು ಡೈವ್ ಮಾಡುವವರು ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕನ್ನೂ ಡೈವ್ ಕಂಪ್ಯೂಟರನ್ನೂ ಮೊದಲು ಕೊಳ್ಳಲಿ, ಬಿಸಿಡಿಯನ್ನು ಹೋದಲ್ಲೇ ಬಾಡಿಗೆಗೆ ಪಡೆಯಲಿ ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಮುಳುಗುವವರಿಗೆ ಸ್ವಂತ ಬಿಸಿಡಿಯ ಲಾಭ ತೂಕದ್ದಲ್ಲ, ಪರಿಚಯದ್ದು. ಕವಾಟದ ದಾರ ಎಲ್ಲಿದೆ, ಎಷ್ಟು ಸೀಸ ಬೇಕು ಎಂಬುದನ್ನು ಪ್ರತಿ ಊರಿನಲ್ಲೂ ಹೊಸದಾಗಿ ಕಲಿಯಬೇಕಾಗಿಲ್ಲ. ನೀರಿನಲ್ಲೇ ಬಿಸಿಡಿ ಕಳಚಬೇಕಾದ ಕಡೆ ಹೋಗುವವರು, ಆಗೊಮ್ಮೆ ಈಗೊಮ್ಮೆ ಮೂರು ನಾಲ್ಕು ದಿನಕ್ಕೆ ಹಾರುವವರು ಟ್ರಾವೆಲ್ ಬಿಸಿಡಿಯನ್ನು ಕೊಳ್ಳಬಹುದು, ಸಿಲಿಂಡರಿನ ಪಟ್ಟಿಯನ್ನು ಬಿಗಿಯುವ ಲೋಹದ ಕ್ಯಾಮ್ ಬಕಲ್ ಇರುವ, ಸಾಧ್ಯವಾದರೆ ಎರಡು ಪಟ್ಟಿಗಳಿರುವ ಮಾದರಿಯನ್ನು ಹುಡುಕಿ. ವಾರಗಟ್ಟಲೆ ದಿನಕ್ಕೆ ಮೂರು ಡೈವ್ ಮಾಡುವವರಿಗೆ ಪ್ಲೇಟಿನ 700 ಗ್ರಾಂ ಹೊರೆಯೆನಿಸದು.

ನಾನು ಪ್ಲೇಟನ್ನು ಉಳಿಸಿಕೊಂಡೆ. ಟ್ರಾವೆಲ್ ಬಿಸಿಡಿಯನ್ನು ಈ ಡಿಸೆಂಬರಿನಲ್ಲಿ ಅಕ್ಕನೇ ದುಬೈಗೆ ವಾಪಸ್ ಒಯ್ಯುತ್ತಾಳೆ. ಅವಳ ಮಗ ಎತ್ತರದ ಹುಡುಗ, ಅವನಿಗೆ ‘ಲಾರ್ಜ್’ ಸರಿಯಾಗುತ್ತದಂತೆ. ಹಳೆಯ ಜಾಕೆಟ್ಟನ್ನು ಮಾರಿಲ್ಲ. ಅದು ಕಾರಿನ ಡಿಕ್ಕಿಯಲ್ಲಿದೆ, ಮಳೆ ನಿಂತ ಮೇಲೆ ಮುರ್ಡೇಶ್ವರಕ್ಕೆ ಹೋಗುತ್ತದೆ.